ಅಂಗಡಿ ಜಗಲಿ ಮೇಲಿನ ಮಾತು

ಊರ ಅರಳಿಕಟ್ಟೆ ಮೇಲೆ ಕೂತು ಯಾರನ್ನ ಬೇಕಾದ್ರೂ ಬೈಬಹುದು. ಅಂಗಡಿ ಜಗಲಿ ಮೇಲೆ ಕೂತು ಅಂಗಡಿಯವನ ತಕ್ಕಡಿ ಬಗ್ಗೆ ಮಾತಾಡಿದ್ರೆ? ಎಬ್ಬಿಸಿ ಕಳಿಸ್ತಾನೆ. ಜಗಲಿ ಅವನದು.

ಆನ್‌ಲೈನ್ ಸೆನ್ಸಾರ್ ಅಂದ ಕೂಡ್ಲೇ ನಮಗೆಲ್ಲ ಸರ್ಕಾರ ನೆನಪಾಗುತ್ತೆ. ನಂಗೆ ಮಾತ್ರ ಪ್ರಾಡಿಜಿ. ಹೆಸರು ಕೇಳಿಲ್ವಾ? ನಾನೂ ಆಗ ಹುಟ್ಟಿರ್ಲಿಲ್ಲ ಬಿಡಿ. ಐಬಿಎಂ ಮತ್ತು ಸಿಯರ್ಸ್ ಸೇರಿ ಅಮೆರಿಕದಲ್ಲಿ ನಡೆಸ್ತಿದ್ದ ಸೇವೆ ಅದು. ವೆಬ್ ಇನ್ನೂ ಜನರ ಕೈಗೆ ಬಂದಿರದ ಕಾಲ. ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ ತಿಂಗಳ ಚಂದಾ ಕಟ್ಟಿದ್ರೆ ಸುದ್ದಿ, ಶಾಪಿಂಗ್, ಈಮೇಲ್, ಚರ್ಚೆ ಎಲ್ಲಾ ಸಿಗ್ತಿತ್ತು.

1990ರಲ್ಲಿ ಕಂಪನಿ ಹೇಳ್ತು: ಇನ್ನು ತಿಂಗಳಿಗೆ 30 ಈಮೇಲ್ ಉಚಿತ, ಆಮೇಲೆ ಒಂದೊಂದಕ್ಕೂ 25 ಸೆಂಟ್. ಚಂದಾದಾರರು ರೊಚ್ಚಿಗೆದ್ದರು. ಚರ್ಚೆಯಲ್ಲಿ ಆ ವಿಷಯ ಎತ್ತೋದನ್ನೇ ಕಂಪನಿ ನಿಲ್ಲಿಸ್ತು. ಸರಿ ಅಂತ ಇವರು ಈಮೇಲ್‌ನಲ್ಲೇ ಒಟ್ಟಾಗಿ, ಜಾಹೀರಾತುದಾರರಿಗೂ ದೂರು ಬರೆದರು. ಮುಂದೆ ನಿಂತವರ ಖಾತೆಗಳೇ ರದ್ದು!

ನಾವು ಪತ್ರಿಕೆ ಇದ್ದ ಹಾಗೆ, ಏನು ಅಚ್ಚಾಗಬೇಕು ಅನ್ನೋದು ಸಂಪಾದಕನ ಹಕ್ಕು ಅನ್ನೋದು ಕಂಪನಿ ವಾದ. ಕಾನೂನಿನಲ್ಲಿ ತಪ್ಪೂ ಅಲ್ಲ. ಅಮೆರಿಕದ ಮೊದಲ ತಿದ್ದುಪಡಿ ಕಟ್ಟಿಹಾಕೋದು ಸರ್ಕಾರವನ್ನ, ಕಂಪನಿಯನ್ನಲ್ಲ. ಆದ್ರೆ ಓದುಗರೇ ಬರೆದು, ಓದುಗರೇ ದುಡ್ಡೂ ಕೊಡೋ ಪತ್ರಿಕೆ ಯಾವುದಪ್ಪಾ?

ಮಜಾ ಇರೋದು ಮುಂದೆ. 1994ರಲ್ಲಿ ಪ್ರಾಡಿಜಿಯಲ್ಲಿ ಯಾರೋ ಸ್ಟ್ರಾಟನ್ ಓಕ್‌ಮಾಂಟ್ ಮೇಲೆ ವಂಚನೆಯ ಆರೋಪ ಬರೆದರು. (2013ರ 'ದಿ ವುಲ್ಫ್ ಆಫ್ ವಾಲ್ ಸ್ಟ್ರೀಟ್' ಸಿನಿಮಾದ ಅದೇ ಸಂಸ್ಥೆ. ಅದರ ಮುಖ್ಯಸ್ಥರು 1999ರಲ್ಲಿ ತಪ್ಪೊಪ್ಪಿಕೊಂಡರು.) ಸಂಸ್ಥೆ ಪ್ರಾಡಿಜಿ ಮೇಲೆ ಮಾನನಷ್ಟ ಕೇಸು ಹಾಕ್ತು. 1995ರಲ್ಲಿ ನ್ಯೂಯಾರ್ಕ್ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಸಂಪಾದಕನ ಕೆಲಸ ಮಾಡ್ತೀಯಲ್ಲ, ಹೊಣೆಯೂ ನಿಂದೇ. ಮರುವರ್ಷವೇ ಸೆಕ್ಷನ್ 230 ಬಂತು. ಅಳಿಸೋ ಅಧಿಕಾರ ಉಳೀತು, ಹೊಣೆ ಬಹುಮಟ್ಟಿಗೆ ಹೋಯ್ತು.

ಆ ಕಾನೂನು ಕೆಟ್ಟದ್ದು ಅಂತ ನಾನನ್ನಲ್ಲ. ಅದಿಲ್ದಿದ್ರೆ ಹೆದರಿಕೊಂಡೇ ಇನ್ನಷ್ಟು ಅಳಿಸ್ತಿದ್ರು. ಅಶ್ಲೀಲ ಅಳಿಸಲಿ, ದ್ವೇಷ ಅಳಿಸಲಿ.. ಬೆಲೆ ಬಗ್ಗೆ ಕೇಳಿದವನ ಬಾಯಿ ಯಾಕೆ ಮುಚ್ಚಬೇಕು?

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ 'ರೀಫಂಡ್' ಅನ್ನೋ ಪದ ಇರೋ ವಿಮರ್ಶೆಗಳನ್ನೆಲ್ಲ ತಡೆಯೋ ನಿಯಮ ಇತ್ತು. ಕಾನ್ಫಿಗ್ ಫೈಲಿನಲ್ಲಿ ಒಂದೇ ಸಾಲು. ಬರೆದವರಿಗೆ ತಮ್ಮ ವಿಮರ್ಶೆ ಕಾಣ್ತಾನೇ ಇತ್ತು, ಬೇರೆಯವರಿಗೆ ಮಾತ್ರ ಇಲ್ಲ. ಪ್ರಾಡಿಜಿಯವರಿಗೆ ಕನಿಷ್ಠ ತಮ್ಮನ್ನ ಹೊರಗೆ ಹಾಕಿದ್ದಾದ್ರೂ ಗೊತ್ತಾಗಿತ್ತು.