ತಿರುಗಿ ಬಂದ ಪಂಚಮಿ ಪತ್ರ

ನಿಮ್ಮನ್ನೂ ಪಂಚಮಿಗೆ ಕರೆಯಲು ತವರಿನಿಂದ ಅಣ್ಣತಮ್ಮಂದಿರು ಬರುತ್ತಿದ್ದರಲ್ಲವೇ? ನನ್ನ ತಮ್ಮ ದೇವದುರ್ಗದಿಂದ ಮಾನ್ವಿಗೆ ಬಂದು, ಶೇಂಗಾ ಉಂಡಿಯ ಡಬ್ಬಿ ಕೈಗಿಟ್ಟು, "ಅಕ್ಕಾ, ಲಗೂ ಹೊಂಡು, ಬಸ್ ಹೋಗ್ತದ" ಎಂದು ಅವಸರ ಮಾಡುತ್ತಿದ್ದ. ಬೆಂಗಳೂರಿನ ಕಂಪೆನಿಯೊಂದಕ್ಕೆ ಸೇರಿದ ಮೇಲೆ ಬರುವುದು ತಪ್ಪಿತು. ಕಚೇರಿಯ ಇಮೇಲ್ ವಿಳಾಸ ಕೊಟ್ಟು, "ಇದಕ್ಕ ಬರಿ, ನಾ ದಿನಾ ನೋಡ್ತೀನಿ" ಎಂದ. ಮೊಬೈಲಿನಲ್ಲಿ ಕನ್ನಡ ಬರೆಯಲು ಕಲಿತದ್ದೇ ಅವನ ದೆಸೆಯಿಂದ.

2021ರ ಮೇ ತಿಂಗಳಲ್ಲಿ ಕೊರೋನಾ ಅವನನ್ನು ಒಯ್ದಿತು. ಆ ವರ್ಷದ ಪಂಚಮಿಗೂ ಅವನಿಗೆ ಬರೆದೆ. ಹುಚ್ಚು ಅನ್ನಿ! ಪತ್ರ ಹೋಯಿತು. ದೀಪಾವಳಿಗೂ ಬರೆದೆ, ನಮ್ಮ ಮನೆಯ ಸಾಲ, ಯಾರ ಮುಂದೆಯೂ ಆಡದ ಮಾತು, ಎಲ್ಲ. ಮುಂದಿನ ಪಂಚಮಿಯ ಪತ್ರ ಮಾತ್ರ ಕ್ಷಣದೊಳಗೆ ತಿರುಗಿ ಬಂತು. ಜತೆಗೆ ನಾಲ್ಕು ಸಾಲು ಇಂಗ್ಲಿಷು, 550 ಎಂಬ ಅಂಕಿ.

ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುವ ಮೈದುನನ ಮಗಳಿಗೆ ತೋರಿಸಿದೆ. ನಮ್ಮ ಕಡೆಯ ಸರ್ವರ್ ಎಂಬ ಯಂತ್ರ ಪತ್ರ ಒಯ್ದು, ಅವರ ಕಡೆಯ ಸರ್ವರಿನ ಬಾಗಿಲಲ್ಲಿ "ಇಂಥವರು ಇದ್ದಾರೆಯೇ?" ಎಂದು ಕೇಳುತ್ತದಂತೆ. ಉತ್ತರದ ಅಂಕಿ 4ರಿಂದ ಆರಂಭವಾದರೆ "ಆಮೇಲೆ ಬಾ" ಎಂದರ್ಥ. ಮತ್ತೆ ಮತ್ತೆ ಹೋಗಿ ನೋಡುತ್ತದೆ. 5 ಆದರೆ ಕೆಲಸ ಮುಗಿಯಿತು. ಪೆಟ್ಟಿಗೆಗೆ ಬೀಗ ಹಾಕಿದ್ದರೂ, ಪೆಟ್ಟಿಗೆಯನ್ನೇ ಕಿತ್ತಿದ್ದರೂ ಸಾಮಾನ್ಯವಾಗಿ ಬರುವುದು ಇದೇ. ವಿಳಾಸದಾರರು ಇಲ್ಲವೆಂದು ಪೋಸ್ಟ್‌ಮನ್ ಪತ್ರ ಮರಳಿಸುತ್ತಾನಲ್ಲ, ಹಾಗೆ.

"ಹಂಗಾದ್ರ ಮೊದಲಿನ ಎರಡು ಎಲ್ಲಿ ಹೋದವು?"

ಹುಡುಗಿ ತಡವರಿಸಿದಳು. "ದೊಡ್ಡವ್ವ, ಕಂಪೆನಿಯವ್ರು ಕೆಲವು ದಿನ ಪೆಟ್ಟಿಗಿ ತೆಗೆದೇ ಇಡ್ತಾರ. ಗಿರಾಕಿ ಪತ್ರ ತಪ್ಪಬಾರದಂತ ಮ್ಯಾಲಿನವ್ರಿಗೆ ಹೋಗೋ ಹಂಗ ಮಾಡೋದೂ ಅದ."

ಕೈಕಾಲು ತಣ್ಣಗಾದವು. ನಮ್ಮ ಸಾಲದ ಮಾತನ್ನು ಯಾವ ಸಾಹೇಬರು ಓದಿದರೋ! ಅವರಿಗೆ ಕನ್ನಡ ಬಾರದಿರಲಪ್ಪ ದೇವರೇ, ಅಂದುಕೊಂಡೆ.

ಆದ್ದರಿಂದ ಕೇಳಿ, ಕಚೇರಿಯ ವಿಳಾಸಕ್ಕೆ ಮನೆಯ ಮಾತು ಬರೆಯಬೇಡಿ. ಸ್ವಂತದ ವಿಳಾಸಕ್ಕೂ ಕಾವಲು ಬೇಕು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಪತ್ರಗಳ ಜತೆ ಫೋಟೋಗಳೂ ಹೋಗಬಹುದು. ಪತ್ರ ಬಂದು ಬಿದ್ದರೆ ಸಾಲದು, ನೀವು ಒಳಹೊಕ್ಕು ಓದಬೇಕು. ನಾವು ಇಲ್ಲವಾದಾಗ ಯಾರಿಗೆ ತಿಳಿಸಬೇಕೆಂದು ಮೊದಲೇ ಬರೆದಿಡುವ ಏರ್ಪಾಡೂ ಅದರಲ್ಲಿದೆ. ನಮ್ಮ ಮನೆಯವರಿಗೆ ಹೇಳಿದರೆ, "ನಾ ಇನ್ನ ಇದ್ದೀನಲ್ಲ" ಎಂದು ಸಿಡುಕಿದರು. ರಾತ್ರಿ ಊಟವಾದ ಮೇಲೆ ಸುಮ್ಮನೆ ನನ್ನ ಹೆಸರು ಹಾಕಿದರು.

ತಿರುಗಿ ಬಂದ ಪತ್ರವನ್ನು ರಾಯಚೂರಿನಲ್ಲಿ ಪ್ರಿಂಟ್ ತೆಗೆಸಿ ತಂದೆ. ತಮ್ಮನ ಉಂಡಿ ಡಬ್ಬಿಯಲ್ಲಿ ಇಟ್ಟಿದ್ದೇನೆ.