ಮಹಡಿಯ ಬಾಡಿಗೆ

ಮಕ್ಕಳು ದೂರದೂರುಗಳಿಗೆ ತೆರಳಿದ ಮೇಲೆ ನಮ್ಮ ಮನೆಯ ಮಹಡಿಯು ಬರಿದಾಯಿತು. ಕೆಳಗೆ ನಾವಿದ್ದುಕೊಂಡು ಅದನ್ನು ತಿಂಗಳಿಗೆ 10,000 ರೂಪಾಯಿನಂತೆ ಒಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟೆವು. “ನಗದಾಗಿ ತೆಗೆದುಕೊಳ್ಳಿ, ಆದಾಯ ತೆರಿಗೆಯವರಿಗೆ ತಿಳಿಸುವುದೇಕೆ?” ಎಂದು ನೆರೆಯವರೊಬ್ಬರು ಉಪದೇಶಿಸಿದರು. ಮೂವತ್ತು ವರ್ಷ ಹುಡುಗರಿಗೆ ಸತ್ಯದ ಪಾಠ ಹೇಳಿದ ನಮಗೂ ಆ ಮಾತು ಒಂದು ರಾತ್ರಿ ರುಚಿಸಿತೆಂದು ಒಪ್ಪಿಕೊಳ್ಳಬೇಕು.

ಬೆಳಗಾದ ಮೇಲೆ ನಿಯಮಗಳನ್ನೇ ತೆರೆದು ಓದಿದೆವು. ಬಾಡಿಗೆಗೆ ಕೊಟ್ಟ ಭಾಗದ ಪಾಲಿನ ಮನೆಕಂದಾಯವನ್ನು ಮೊದಲು ಕಳೆಯಬಹುದು. ಮಹಡಿಯು ಮನೆಯ ಅರ್ಧವಾದುದರಿಂದ, 6,000 ರೂಪಾಯಿ ಕಂದಾಯದಲ್ಲಿ 3,000 ಅದರ ಪಾಲು. ಉಳಿದುದರಲ್ಲಿ ನೂರಕ್ಕೆ 30ನ್ನು, ರಿಪೇರಿ ಮಾಡಿಸಿದರೂ ಮಾಡಿಸದಿದ್ದರೂ, ಕಾನೂನೇ ಬಿಟ್ಟುಕೊಡುವುದು. ಜೋಪಾನವಾಗಿ ಕೂಡಿಟ್ಟಿದ್ದ ಸುಣ್ಣಬಣ್ಣದ ರಸೀತಿಗಳು ನಿಷ್ಪ್ರಯೋಜಕವಾದುವು. ಮನೆಸಾಲವುಳ್ಳವರು ಆ ಭಾಗಕ್ಕೆ ಸಲ್ಲುವ ಬಡ್ಡಿಯನ್ನೂ ಕಳೆಯಬಹುದು. ನಮ್ಮ ಸಾಲವು ಎಂದೋ ತೀರಿತ್ತು. ನಾವು ವಾಸಿಸುವ ಭಾಗಕ್ಕೆ ಬಾಡಿಗೆಯೂ ಇಲ್ಲ, ನೂರಕ್ಕೆ ಮೂವತ್ತರ ವಿನಾಯಿತಿಯೂ ಇಲ್ಲ.

1,20,000ದಲ್ಲಿ 81,900 ಮಾತ್ರ ಆದಾಯವೆಂದು ಹಿಗ್ಗಿದೆವು. ಆದರೆ ಮಾಲಿಕನು ಮಾರ್ಚಿ 31ರೊಳಗೆ ಕಟ್ಟಿದ ಕಂದಾಯವೇ ಆ ವರ್ಷದ ಲೆಕ್ಕಕ್ಕೆ ಬರತಕ್ಕದ್ದು. ನಾವು ಆಲಸ್ಯದಿಂದ ಏಪ್ರಿಲಿನಲ್ಲಿ ಕಟ್ಟಿದ್ದೆವು! ಅದು ಮುಂದಿನ ವರ್ಷಕ್ಕೆ ಹೋಯಿತು. ನಮ್ಮ ಲೆಕ್ಕ 84,000ಕ್ಕೆ ನಿಂತಿತು.

ತಡವಾಗಿ ಬಂದ ಹುಡುಗರನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದ ಉಪಾಧ್ಯಾಯರು ನಾವು. ಈಗ ಬಾಗಿಲಲ್ಲಿ ನಿಂತವರೂ ನಾವೇ. ಸರ್ಕಾರವು ಕೊಟ್ಟುದನ್ನು ಓದದೆ, ಅದರಿಂದ ಮುಚ್ಚಿಡಲು ಯೋಚಿಸಿದೆವಲ್ಲಾ ಎಂಬ ನಾಚಿಕೆ ಮಾತ್ರ ಯಾವ ಲೆಕ್ಕದಲ್ಲಿಯೂ ಕಳೆಯುವಂತಿಲ್ಲ. ಈಗ ತಿಂಗಳು ತಿಂಗಳೂ ಬಾಡಿಗೆಗೆ ರಸೀತಿ ಬರೆದುಕೊಡುತ್ತಿದ್ದೇವೆ.