ಬ್ರಾಹ್ಮಣರ ಓಣಿಯ ಹಣಮಪ್ಪ

ಶ್ರಾವಣ ಶನಿವಾರ ರಾಣೆಬೆನ್ನೂರು ಹತ್ತಿರದ ನಮ್ಮೂರು ಹಲಗೇರಿಗೆ ಹೋದವರಿಗೆ ನನ್ನ ಸಂಕಟ ಅರ್ಥವಾಗಲಿಕ್ಕಿಲ್ಲ. ಅಂದು ಹಣಮಪ್ಪನ ಗುಡಿಯ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಎಲಿಪೂಜೆ ಕಟ್ಟಿಸಿದವರು, ಕಾಯಿ ಒಡೆಸುವವರು, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದವರು, ಎಲ್ಲರೂ ಇರುತ್ತಾರೆ. ನೆಲಕ್ಕೆ ಗ್ರಾನೈಟ್ ಬಂದಿದೆ, ಗೋಡೆಗೆ ಟೈಲ್ಸ್ ಬಂದಿದೆ, ಕಂಬಗಳಿಗೆ ಹೊಳೆಯುವ ಬಣ್ಣ ಬಂದಿದೆ. ಈ ಗುಡಿ ಹಾಳುಬಿದ್ದಿದೆ ಎಂದು ಯಾರೂ ಹೇಳಲಾರರು.

ಹೋಗಬೇಕಾದದ್ದು ಬುಧವಾರವೋ ಗುರುವಾರವೋ. ಪೂಜೆಯವರು ರಾಣೆಬೆನ್ನೂರಿನಿಂದ ಬೈಕಿನಲ್ಲಿ ಬರುತ್ತಾರೆ. ನೀರು ಹಾಕಿ, ಗಂಧ ಹಚ್ಚಿ, ಊದಿನಕಡ್ಡಿ ಬೆಳಗಿ, ಕೀಲಿ ಹಾಕಿಕೊಂಡು ಮತ್ತೊಂದು ಊರಿನ ಗುಡಿಗೆ ಹೊರಡುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಹಲವು ಊರು ಸುತ್ತದೆ ಅವರ ಮನೆ ನಡೆಯುವುದಿಲ್ಲ. ಗುಡಿಯ ಹಿಂದಿನ ಬ್ರಾಹ್ಮಣರ ಓಣಿಯಲ್ಲಿ ಈಗ ಸಂಧ್ಯಾವಂದನೆಯ ನೀರು ಬಿಡುವವರಿಲ್ಲ, ಏಕಾದಶಿ ಯಾವತ್ತೆಂದು ಕೇಳುವವರೂ ಇಲ್ಲ. ಹಬ್ಬ ಉಳಿದಿದೆ, ನಿತ್ಯ ಹೋಗಿದೆ. ನನ್ನ ದುಃಖ ಅದರದು.

ನಮ್ಮಜ್ಜ ಆ ಗುಡಿಯ ಪೂಜೆ ಮಾಡುತ್ತಿದ್ದರು. ಕತ್ತಲಿರುವಾಗಲೇ ಭಾವಿಯಿಂದ ಮಡಿನೀರು ಸೇದಿ ತಾಮ್ರದ ಕೊಡ ಹೆಗಲಿಗೇರಿಸುತ್ತಿದ್ದರು. ಪವಮಾನ ಹೇಳುತ್ತ ಅಭಿಷೇಕ, ಸಾಣೆಕಲ್ಲಿನ ಮೇಲೆ ತೇಯ್ದ ಗಂಧ, ತುಳಸಿ, ಮಂಗಳಾರತಿ. ಗಂಟೆಯ ಸದ್ದಿಗೆ ಊರು ಎಚ್ಚರಾಗುತ್ತಿತ್ತು. ಹೊಲಕ್ಕೆ ಹೊರಟ ರೈತ ಬಾರುಕೋಲು ಗೋಡೆಗೆ ಆನಿಸಿ ತೀರ್ಥ ತಗೊಂಡು ಹೋಗುತ್ತಿದ್ದ. ಹೂಗಾರರ ಮನೆಯಿಂದ ಹೂವು ಬರುತ್ತಿತ್ತು, ಗಾಣಿಗರ ಮನೆಯಿಂದ ದೀಪಕ್ಕೆ ಎಣ್ಣೆ, ಕಾರ್ತೀಕಕ್ಕೆ ಕುಂಬಾರರ ಹಣತೆ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರೈತರು ಅಜ್ಜನಿಗೆ ಜೋಳದ ಆಯ ಅಳೆದು ಕೊಡುತ್ತಿದ್ದರು. ಅದನ್ನು ಯಾರೂ ದಾನವೆಂದು ಕೊಡಲಿಲ್ಲ, ಅಜ್ಜ ಸಂಬಳವೆಂದು ತಗೊಳ್ಳಲಿಲ್ಲ.

ಯುಗಾದಿಯ ದಿನ ಗುಡಿಯ ಕಟ್ಟೆಯ ಮೇಲೆ ಪಂಚಾಂಗ ಓದುತ್ತಿದ್ದರು. ಯಾವ ರಾಶಿಗೆ ಆಯವೆಷ್ಟು, ವ್ಯಯವೆಷ್ಟು, ವರ್ಷದ ರಾಜ ಯಾರು, ಮಂತ್ರಿ ಯಾರು. ರೈತರ ಕಿವಿಯೆಲ್ಲ ಮಳೆನಕ್ಷತ್ರದ ಮೇಲೆ. ಹತ್ತಿ, ಜೋಳ, ಮೆಣಸಿನಕಾಯಿಯ ಈ ಸೀಮೆಯಲ್ಲಿ ಆಗ ಎಲ್ಲವೂ ಮಳೆಯ ಮೇಲೇ ನಿಂತಿತ್ತು. ಮೇ ಕೊನೆಗೆ ರೋಹಿಣಿ ಕೂಡಿದಾಗಿನಿಂದ ಮೃಗಶಿರಾ ಮಳೆ ಯಾವಾಗೆಂದು ಕೇಳಲು ನಮ್ಮ ಮನೆಯ ಪಡಸಾಲೆಗೆ ಒಬ್ಬರಲ್ಲ ಒಬ್ಬರು ಬರುತ್ತಿದ್ದರು.

“ಆಚಾರ್ರ, ಮಿರಗಾ ಎಂದ ಕೂಡ್ತೈತ್ರಿ?”

“ನಾಡದು ಬೆಳಗಿನ ಜಾವಕ್ಕ ಕೂಡತದ, ಗೌಡ್ರ. ವಾಹನ ಆನಿ ಅದ. ಮಳಿ ಚೊಲೋ ಆಗತದ. ಬೀಜ ಹಸನ ಮಾಡಿ ಇಟಗೋರಿ.”

ಪಂಚಾಂಗದ ಮಾತು ನಿಜವಾಗದ ವರ್ಷಗಳೂ ಇದ್ದವು. ಅಂಥ ವರ್ಷ ಕಣದ ಆಯವೂ ಕಡಿಮೆಯಾಗುತ್ತಿತ್ತು, ನಮ್ಮ ಮನೆಯ ಗಂಗಾಳದಲ್ಲೂ ಅದು ಕಾಣುತ್ತಿತ್ತು. ಊರಿಗೆ ಮಳೆಯ ಮಾತು ಹೇಳುವವನು ಊರಿನ ಬರವನ್ನೂ ಉಣ್ಣುತ್ತಿದ್ದ. ಈಗ ಮೊಬೈಲಿನ ಹವಾಮಾನ ವರದಿ ಅಜ್ಜನಿಗಿಂತ ಚೆನ್ನಾಗಿ ಹೇಳುತ್ತದೆ, ಅದು ರೈತನಿಗೆ ಒಳ್ಳೆಯದೇ. ಆದರೆ ಬರ ಬಿದ್ದಾಗ ಪಕ್ಕದಲ್ಲಿ ಕೂತು ಹಸಿಯುವವರು ಆ ವರದಿಯ ಹಿಂದೆ ಇಲ್ಲ.

ಓಣಿಯ ನಿಜವಾದ ಐಶ್ವರ್ಯವಿದ್ದದ್ದು ಹೆಂಗಸರ ಬಾಯಲ್ಲಿ. ಹದಿನೆಂಟನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮ ರಾಣೆಬೆನ್ನೂರಿನ ಮಗಳು. ಮಲೇಬೆನ್ನೂರಿಗೆ ಸೊಸೆಯಾಗಿ ಹೋಗಿ ಹೆಳವನಕಟ್ಟೆಯ ರಂಗನಾಥನನ್ನು ಹಾಡಿದವಳು. ಅವಳ ಚಂದ್ರಹಾಸನ ಕಥೆ, ಸೀತಾಕಲ್ಯಾಣ, ಉದ್ದಾಲಕನ ಕಥೆಗಳು ನಮ್ಮ ಕಡೆಯ ಮನೆಗಳಿಗೆ ಅಚ್ಚಿನ ಪುಸ್ತಕದಿಂದ ಬರಲಿಲ್ಲ. ತಾಯಿಯ ಬಾಯಿಂದ ಮಗಳಿಗೆ, ಅತ್ತೆಯ ಬಾಯಿಂದ ಸೊಸೆಗೆ ಬಂದವು. ಬತ್ತಿ ಹೊಸೆಯುವಾಗ, ಅಕ್ಕಿ ಆರಿಸುವಾಗ, ಸಂಡಿಗೆ ಇಡುವಾಗ ಒಬ್ಬರು ಎತ್ತಿಕೊಂಡರೆ ಇನ್ನೊಬ್ಬರು ಮುಂದುವರಿಸುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದವರಿಗೂ ಒಂದಿಡೀ ಕಾವ್ಯ ಕಂಠದಲ್ಲಿತ್ತು.

ನಮ್ಮ ಮನೆಯಲ್ಲಿ ಅಂಥ ಹಾಡುಗಳು ಎಲ್ಲರಿಗಿಂತ ಹೆಚ್ಚು ಬರುತ್ತಿದ್ದದ್ದು ಅಜ್ಜನ ಅಕ್ಕನಿಗೆ. ಸಣ್ಣವಳಿದ್ದಾಗಲೇ ಗಂಡನನ್ನು ಕಳಕೊಂಡವಳು. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಒಪ್ಪೊತ್ತಿನ ಊಟಕ್ಕೆ ಕೂರಿಸಿದ್ದರು. ಮದುವೆಯ ಹಾಡು ಅವಳಿಗೆ ಬಂದಷ್ಟು ಯಾರಿಗೂ ಬರುತ್ತಿರಲಿಲ್ಲ, ಮದುವೆಯ ಹಂದರದೊಳಗೆ ಮಾತ್ರ ಅವಳಿಗೆ ಜಾಗವಿರಲಿಲ್ಲ. ಅಡಿಗೆಮನೆಯ ಬಾಗಿಲ ಹಿಂದೆ ಕೂತು ಮುಂದಿನ ನುಡಿ ನೆನಪಿಸುತ್ತಿದ್ದಳು, ಹೊರಗಿನವರು ಹಾಡುತ್ತಿದ್ದರು. ಆ ಓಣಿಗಾಗಿ ಅಳುವಾಗ ಈ ಬಾಗಿಲನ್ನು ಮರೆತರೆ ನನ್ನ ಅಳು ಸುಳ್ಳಾಗುತ್ತದೆ.

ಮರೆಯಬಾರದ್ದು ಇನ್ನೂ ಇದೆ. ಅಜ್ಜನ ಕಾಲದಲ್ಲಿ ಕಟ್ಟೆಯ ಕೆಳಗೇ ನಿಂತು ಕೈಮುಗಿದು ಹೋಗುವ ಜನರಿದ್ದರು. ಆಗ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದಲ್ಲಿ 1947ರಲ್ಲೇ ದಲಿತರ ದೇವಾಲಯ ಪ್ರವೇಶಕ್ಕೆ ಕಾಯ್ದೆ ಬಂತು. ಕಾಯ್ದೆ ಬಂದ ದಿನವೇ ಕಟ್ಟೆ ತಗ್ಗಲಿಲ್ಲ. 1950ರ ಕಾಯ್ದೆಯಿಂದ ಓಣಿಯವರ ಕುಲಕರ್ಣಿ ವತನಗಳು ಹೋದವು, 1974ರ ಭೂಸುಧಾರಣೆಯಿಂದ ಗೇಣಿಯ ಹೊಲಗಳು ಹೋದವು. ಉತ್ತು ಬಿತ್ತಿದವರ ಹೊಲ ಉತ್ತು ಬಿತ್ತಿದವರಿಗೆ ಸೇರಿತು. ಅದು ನ್ಯಾಯ. ಓಣಿಯ ಹಿರಿಯರಲ್ಲಿ ಕೆಲವರು ಅದನ್ನು ಕೊನೆಯವರೆಗೂ ಅನ್ಯಾಯವೆಂದೇ ಎಣಿಸಿದರು. ನಾನು ಎಣಿಸಲಾರೆ.

ಆದರೆ ಹೊಲದ ಜೊತೆಗೆ ಗುಡಿಯ ಅನ್ನವೂ ಹೋಯಿತು. ಅದರ ಬದಲಿಗೆ ಬೇರೆ ದಾರಿಯನ್ನು ಸರಕಾರವೂ ಪೂರಾ ಕಟ್ಟಲಿಲ್ಲ, ಊರೂ ಕಟ್ಟಲಿಲ್ಲ, ಓಣಿಯೂ ಕಟ್ಟಲಿಲ್ಲ. ಮಕ್ಕಳು ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ರೈಲು ಹತ್ತಿದರು. ಬ್ಯಾಂಕು, ರೈಲ್ವೆ, ಮಾಸ್ತರಿಕೆ, ಆಮೇಲೆ ಕಂಪ್ಯೂಟರು. ಹುಬ್ಬಳ್ಳಿ, ಪುಣೆ, ಬೆಂಗಳೂರು, ಅಮೆರಿಕ. ಹೋದವರಲ್ಲಿ ನಾನೂ ಒಬ್ಬ. ಒಂದೊಂದೇ ಮನೆಯ ಮಾಳಿಗೆ ಮಳೆಗೆ ಕುಸಿಯಿತು. ಬಾಗಿಲು, ಕಂಬ, ತೊಲೆ ಮಾರಾಟವಾದವು.

ಉಳಿದುಕೊಳ್ಳುವವನ ಪಾಡು ಇಂದಿಗೂ ಸುಲಭದ್ದಲ್ಲ. ರಾಜ್ಯದಲ್ಲಿ ಮುಜರಾಯಿಗೆ ಸೇರಿದ 34,000ಕ್ಕೂ ಹೆಚ್ಚು ಗುಡಿಗಳಲ್ಲಿ ಬಹುಪಾಲು ಕಡಿಮೆ ಆದಾಯದ ‘ಸಿ’ ದರ್ಜೆಯವು. ಅವುಗಳ ಪೂಜೆಗೆ ಸರಕಾರ ಕೊಡುವ ತಸ್ತೀಕು 2022ರ ಬಜೆಟ್ಟಿನಲ್ಲಿ 48,000 ರೂಪಾಯಿಯಿಂದ 60,000ಕ್ಕೆ ಏರಿತು. ಅದು ವರ್ಷದ ಲೆಕ್ಕ. ಆಗ ತಿಂಗಳಿಗೆ 5,000 ರೂಪಾಯಿಯಲ್ಲಿ ದೇವರ ಎಣ್ಣೆಬತ್ತಿಯೂ ಆಗಬೇಕಿತ್ತು, ಪೂಜೆಯವನ ಒಲೆಯೂ ಉರಿಯಬೇಕಿತ್ತು. ಮುಜರಾಯಿಯ ಪಟ್ಟಿಯಲ್ಲಿರದ ಗುಡಿಗೆ ಅಷ್ಟೂ ಇಲ್ಲ. ಹಳ್ಳಿಯ ಅರ್ಚಕನಿಗೆ ಹೆಣ್ಣು ಕೊಡುವವರಿಲ್ಲ ಎಂಬುದು ಈಗ ಸರಕಾರಕ್ಕೂ ಗೊತ್ತಿರುವ ಸಂಗತಿ. ಅರ್ಚಕರನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 3 ಲಕ್ಷ ರೂಪಾಯಿಯ ಬಾಂಡ್ ಕೊಡುವ ‘ಮೈತ್ರೇಯಿ’ ಯೋಜನೆಯನ್ನು ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿ 2021ರಲ್ಲಿ ಪ್ರಕಟಿಸಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ದೇವರನ್ನು ಮುಟ್ಟಿ ಪೂಜಿಸುವ ಕೈಯನ್ನು ಹಿಡಿಯಲು ಬಾಂಡ್ ಬೇಕಾದ ಕಾಲಕ್ಕೆ ನಾವು ಬಂದು ನಿಂತಿದ್ದೇವೆ.

ನಮ್ಮ ಸೀಮೆಯಲ್ಲೇ, ವರದಾ ದಂಡೆಯ ಹೊಸರಿತ್ತಿಯಲ್ಲಿ ಧೀರೇಂದ್ರತೀರ್ಥರ ಬೃಂದಾವನವಿದೆ, ಸವಣೂರಿನಲ್ಲಿ ಸತ್ಯಬೋಧತೀರ್ಥರದಿದೆ. ಆರಾಧನೆಗೆ ಅಲ್ಲಿ ಜನ ಸೇರುತ್ತಾರೆ, ಪಂಕ್ತಿಯ ಮೇಲೆ ಪಂಕ್ತಿ ಊಟವಾಗುತ್ತದೆ. ದೊಡ್ಡ ಕ್ಷೇತ್ರದ ಹಿಂದೆ ಮಠವಿದೆ. ಹಲಗೇರಿಯಂಥ ಊರಿನ ಹಣಮಪ್ಪನ ಹಿಂದೆ ಇದ್ದದ್ದು ಒಂದು ಓಣಿ ಮಾತ್ರ. ಓಣಿ ಎದ್ದುಹೋದ ಮೇಲೆ ಅವನಿಗೆ ಊರೇ ದಿಕ್ಕು. ಊರು ಕೈಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಹಿಂದೆ ಕಟ್ಟೆಯ ಕೆಳಗೆ ನಿಂತವರ ಮೊಮ್ಮಕ್ಕಳೇ ಈಗ ಶ್ರಾವಣದಲ್ಲಿ ಒಳಗೆ ನಿಂತು ಪ್ರಸಾದ ಹಂಚುತ್ತಾರೆ. ಅಂಗಳ ಗುಡಿಸುವವರೂ ಅವರೇ, ಸಂಜೆ ದೀಪ ಹಚ್ಚುವವರೂ ಅವರೇ. ಅಜ್ಜ ಇದ್ದಿದ್ದರೆ ಇದನ್ನು ಒಪ್ಪುತ್ತಿದ್ದರೋ ಇಲ್ಲವೋ, ನನಗಂತೂ ಗುಡಿಗೆ ಉಳಿದಿರುವ ಆಯುಷ್ಯ ಅವರ ಕೈಯಲ್ಲೇ ಕಾಣುತ್ತದೆ.

ಆದ್ದರಿಂದ ಊರು ಬಿಟ್ಟ ನಮ್ಮವರಲ್ಲಿ ನನ್ನದೊಂದು ಬೇಡಿಕೆ. ವರ್ಷಕ್ಕೊಮ್ಮೆ ಬಂದು ಹೆಸರು ಕೆತ್ತಿಸುವ ಕಲ್ಲು ಇನ್ನು ಸಾಕು. ಆ ದುಡ್ಡನ್ನು ಕೂಡಿಟ್ಟು, ಅದರ ಬಡ್ಡಿಯಲ್ಲಿ ಒಂದು ಸಂಸಾರ ಮರ್ಯಾದೆಯಿಂದ ಹಲಗೇರಿಯಲ್ಲೇ ಇದ್ದು ದಿನಾ ಪೂಜೆ ಮಾಡುವಂತೆ ಏರ್ಪಾಡು ಮಾಡೋಣ. ಬರುವವರು ನಮ್ಮ ಗೋತ್ರದವರೇ, ನಮ್ಮ ಮಠದವರೇ ಆಗಿರಬೇಕೆಂಬ ಹಟ ಬೇಡ. ಶ್ರದ್ಧೆಯಿಂದ ಕಲಿತು ಬಂದವರು ಯಾರೇ ಆಗಲಿ, ಕೊಡ ಅವರ ಹೆಗಲಿಗೇರಲಿ. ಗಿರಿಯಮ್ಮನ ಹಾಡು ಬರುವ ಅತ್ತೆಯರು, ಚಿಕ್ಕಮ್ಮಂದಿರು ಹುಬ್ಬಳ್ಳಿಯ ಫ್ಲಾಟುಗಳಲ್ಲಿ, ಪುಣೆಯ ಮಗನ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಮುಂದೆ ಕೂತು ಹಾಡಿಸಿ, ಮೊಬೈಲಿನಲ್ಲಿ ಹಿಡಿದಿಡಿ. ಮಂತ್ರ ಹೇಳಿಕೊಡುವ ಪಾಠಶಾಲೆಗಳು ಇನ್ನೂ ಇವೆ. ಆ ಹಾಡು ಕಲಿಸುವ ಶಾಲೆ ಎಲ್ಲೂ ಇಲ್ಲ, ಇದ್ದದ್ದು ಅವರ ಅಡಿಗೆಮನೆಗಳು ಮಾತ್ರ.